ನಾಯಿ ಬೊಗಳಿದರೆ ಹಾಳಾಗುವುದು ದೇವಲೋಕವಲ್ಲ

‘ನಾಯಿ ಬೊಗಳಿದರೆ ದೇವಲೋಕ ಹಾಳೇ?’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನನ್ನ ಸೇವಾವಧಿಯಲ್ಲಿ ಎಷ್ಟು ಸಲ ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಉತ್ತರ ಪ್ರತಿವರ್ಷವೂ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು: ಸಣ್ಣವರ ನಿಂದೆಗೆ ದೊಡ್ಡವರು ಅಂಜಬೇಕಾಗಿಲ್ಲ. ಅರ್ಥವೂ ಸರಿ, ಕೊಟ್ಟ ಅಂಕವೂ ಸರಿ. ಆದರೆ ಗಾದೆ ಮಾತನಾಡುವುದು ದೇವಲೋಕದ ಬಗ್ಗೆ. ದೇವಲೋಕ ಬಹಳ ದೂರದಲ್ಲಿದೆ. ನಾಯಿಯನ್ನು ಕಟ್ಟಿದ ಮನೆಯಿಂದ ಹತ್ತು ಮಾರು ಅಂತರದಲ್ಲಿ ಹಾಸಿಗೆ ಹಾಸಿಕೊಂಡ ಮನುಷ್ಯನ ಲೋಕ ಹಾಳಾಗುತ್ತದೆಯೋ ಇಲ್ಲವೋ ಎಂಬುದನ್ನು ಗಾದೆ ಹೇಳುವುದಿಲ್ಲ. ಇಂದಿನ ಲೇಖನ ಆ ಮನುಷ್ಯನನ್ನು ಕುರಿತದ್ದು. ಹಾಗೆಯೇ ಆ ನಾಯಿಯನ್ನು ಕುರಿತದ್ದು.

ಮೊದಲಿಗೇ ಸ್ಪಷ್ಟಪಡಿಸುತ್ತೇನೆ, ನಾಯಿಯ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಹಗೆ ಸಾಧಿಸಲು ನಮ್ಮ ನಾಡಿನ ಪರಂಪರೆಯೇ ಬಿಡುವುದಿಲ್ಲ. ಮಹಾಪ್ರಸ್ಥಾನದಲ್ಲಿ ತನ್ನ ಬೆನ್ನು ಹತ್ತಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ಕಥೆಯನ್ನು ಕೇಳಿಯೇ ನಾವೆಲ್ಲ ಬೆಳೆದೆವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ಹತ್ತನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿದರು. ಗಂಗರ ಬೂತುಗನಿಂದ ಮಣಲೇರನೆಂಬ ವೀರ ಬೇರೇನನ್ನೂ ಬೇಡದೆ ಆ ನಾಯಿಯನ್ನೇ ಬೇಡಿ ಪಡೆದಿದ್ದ. ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಆ ಶಾಸನ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. 1997ರವರೆಗೆ ನಮ್ಮದೇ ಜಿಲ್ಲೆಯಲ್ಲಿದ್ದು ಈಗ ಹಾವೇರಿಗೆ ಸೇರಿದ ರಾಣೇಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋದವರು ಗೊರವಯ್ಯರನ್ನು ನೋಡಿರುತ್ತೀರಿ. ಮೈಲಾರಲಿಂಗನ ನಾಯಿಗಳು ತಾವೆಂದು ಅವರು ಬೊಗಳುವುದನ್ನು ಜನ ಕೈಮುಗಿದು ಕೇಳುತ್ತಾರೆ. ಬೊಗಳಿಕೆಯನ್ನು ಸೇವೆಯೆಂದು ಒಪ್ಪಿಕೊಂಡ ಸೀಮೆ ನಮ್ಮದು.

ನಮ್ಮ ಒಕ್ಕಲುತನಕ್ಕೂ ನಾಯಿ ಬೇಕು. ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳಲ್ಲಿ ಹೆಸರು, ಕಡಲೆ ಇನ್ನೂ ಎಳೆಯದಿರುವಾಗ ಚಿಗರಿಯ ಹಿಂಡು ಬೀಳುತ್ತದೆ. ಕಲಘಟಗಿಯ ಅಡವಿಯಂಚಿನ ಗೋವಿನಜೋಳಕ್ಕೆ ಕಾಡುಹಂದಿ ನುಗ್ಗುತ್ತದೆ. ಸುಗ್ಗಿಯಲ್ಲಿ ಕಣದ ರಾಶಿಯನ್ನೂ, ಬೇಸಿಗೆಯಲ್ಲಿ ಹೊಲದೊಳಗೆ ತರುಬಿದ ಕುರಿಗಳನ್ನೂ ಕಾಯುವುದು ನಾಯಿಯೇ. ಆ ಬೊಗಳಿಕೆಗೆ ಒಂದು ಅರ್ಥವಿದೆ, ಒಂದು ಕೊನೆಯೂ ಇದೆ. ಯಾರೋ ಬಂದರೆಂದು ತಿಳಿಸುತ್ತದೆ, ಬಂದವರು ಹೋದ ಮೇಲೆ ಸುಮ್ಮನಾಗುತ್ತದೆ. ಅದರ ವಿರುದ್ಧ ದೂರು ಕೊಟ್ಟ ರೈತನನ್ನು ನಾನಂತೂ ಕಂಡಿಲ್ಲ.

ದೂರು ಹುಟ್ಟುವುದು ಇನ್ನೊಂದು ಬಗೆಯ ಬೊಗಳಿಕೆಯಿಂದ. ಗೇಣು ಜಾಗದಲ್ಲಿ ಹಗಲಿರುಳು ಕಟ್ಟಿಹಾಕಿದ, ಮಾತನಾಡಿಸುವವರಿಲ್ಲದ ನಾಯಿಯ ಬೊಗಳಿಕೆ ಅದು. ಅದಕ್ಕೆ ಕಳ್ಳ ಬರಬೇಕಾಗಿಲ್ಲ. ಎಲೆ ಅಲುಗಿದರೂ ಸಾಕು, ಅಲುಗದಿದ್ದರೂ ಸಾಕು. ಹತ್ತು ಗಂಟೆಗೆ ಶುರುವಾದದ್ದು ಬೆಳಗಿನ ಜಾವದವರೆಗೆ ಒಂದೇ ಲಯದಲ್ಲಿ ನಡೆಯುತ್ತದೆ. ಕೊನೆ ಗೊತ್ತಿರುವ ಸದ್ದನ್ನು ಮನುಷ್ಯ ಸಹಿಸುತ್ತಾನೆ. ಯಾವಾಗ ನಿಲ್ಲುವುದೆಂದು ತಿಳಿಯದ ಸದ್ದು ಅವನನ್ನು ಕೊರೆಯುತ್ತದೆ.

ಮೊದಲು ಇದು ಇಷ್ಟೊಂದು ಕಾಡುತ್ತಿರಲಿಲ್ಲ. ಅದಕ್ಕೆ ಕಾರಣಗಳಿವೆ. ನಮ್ಮ ಎರೆ ಸೀಮೆಯ ಹಳೆಯ ಮನೆಗಳಿಗೆ ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕಿಟಕಿಗಳೆಂದರೆ ಬೆಳಕಿಂಡಿಗಳು. ಸದ್ದು ಗೋಡೆಯಲ್ಲಿಯೇ ಇಂಗುತ್ತಿತ್ತು. ಈಗ ಊರ ಹೊರಗಿನ ಪ್ಲಾಟುಗಳಲ್ಲಿ ಸಿಮೆಂಟಿನ ತೆಳುಗೋಡೆ, ತಗಡಿನ ಸೂರು, ಎದುರುಬದುರು ಕಿಟಕಿಗಳು. ನಾಯಿಗಳೂ ಬದಲಾಗಿವೆ. ಓಣಿಯ ನಾಯಿ ಓಣಿಯೆಲ್ಲ ತಿರುಗಿ ನಾಲ್ಕು ಮನೆಯ ರೊಟ್ಟಿ ತಿಂದು ಬೂದಿಗುಂಡಿಯಲ್ಲಿ ಮಲಗುತ್ತಿತ್ತು. ಈಗ ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ ಮೇಲೆ ಖಾಲಿ ಮನೆಯನ್ನು ಕಾಯಲು ದುಡ್ಡು ಕೊಟ್ಟು ತಂದ ಜಾತಿನಾಯಿಯನ್ನು ಮೆಟ್ಟಿಲ ಕಂಬಕ್ಕೆ ಬಿಗಿದು ಹೋಗುತ್ತಾರೆ. ಆಳುಮಗ ದಿನಕ್ಕೊಮ್ಮೆ ಅನ್ನ ಹಾಕುತ್ತಾನೆ. ಜನರ ಸಂಗಡ ಇರಲೆಂದೇ ಸಾಕಿ ಬೆಳೆಸಿದ ತಳಿ ಒಬ್ಬಂಟಿಯಾಗಿ ನಿಂತು ಕೂಗುತ್ತದೆ.

ಇಂಥದೇ ಒಂದು ಮನೆಯ ಪಕ್ಕದ ತಾಯಿಯೊಬ್ಬರು ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದಿದ್ದರು. ನಿವೃತ್ತ ಮಾಸ್ತರರೆಂದರೆ ಹಳ್ಳಿಯಲ್ಲಿ ಅರ್ಜಿ ಬರೆಯುವವರೆಂದೇ ಲೆಕ್ಕ.

“ಗುರುಗಳ, ಒಂದ ಅರ್ಜಿ ಬರದ ಕೊಡ್ರಿ. ಮೂರ ತಿಂಗಳಾತು, ರಾತ್ರಿ ಕಣ್ಣಿಗೆ ಕಣ್ಣ ಹತ್ತಿಲ್ಲ. ಹುಡುಗ ಈ ವರ್ಷ ಎಸ್ಸೆಸ್ಸೆಲ್ಸಿ ಅದಾನ.”

“ಮಾಲಕರಿಗೆ ಒಂದ ಮಾತ ಹೇಳಿ ನೋಡೀರೇನವ್ವಾ?” ಎಂದು ಕೇಳಿದೆ.

“ಅವರ ಹೊಲಕ್ಕ ನಾವು ಹತ್ತಿ ಬಿಡಸಾಕ ಹೋಗತೇವ್ರಿ. ನಿಮ್ಮ ನಾಯಿ ಬಾಯಿ ಮುಚ್ಚಸರಿ ಅಂತ ಯಾವ ಬಾಯಿಲೆ ಹೇಳೋಣ್ರಿ?”

ಆ ಪ್ರಶ್ನೆಯ ಮುಂದೆ ನನ್ನ ಬಳಿ ಉತ್ತರವಿರಲಿಲ್ಲ. ಅರ್ಜಿ ಬರೆದುಕೊಟ್ಟೆ. ಒಂದು ಕಚೇರಿಯಲ್ಲಿ ಅದು ಪೊಲೀಸರ ಕೆಲಸವೆಂದರು. ಠಾಣೆಯಲ್ಲಿ ಅದು ಪಂಚಾಯತಿಯ ಕೆಲಸವೆಂದರು, ನಾಯಿ ಬೊಗಳದೆ ಮತ್ತೇನು ಹಾಡುತ್ತದೆಯೇ ಎಂದು ನಕ್ಕರು. ಅರ್ಜಿ ಮಡಚಿಕೊಂಡು ಅವರು ಮನೆಗೆ ಬಂದರು. ಇದಾಗಿ ಕೆಲವು ವಾರಗಳಲ್ಲಿ ಒಂದು ಬೆಳಗ್ಗೆ ಆ ನಾಯಿ ಬಾಯಲ್ಲಿ ನೊರೆ ಬಿಟ್ಟು ಸತ್ತುಬಿದ್ದಿತ್ತು. ಯಾರೋ ವಿಷವಿಕ್ಕಿದ್ದರು. ಯಾರೆಂಬುದು ಇಂದಿಗೂ ತಿಳಿದಿಲ್ಲ. ಓಣಿಯ ಪ್ರತಿಯೊಂದು ಮನೆಯೂ ಇನ್ನೊಂದನ್ನು ಸಂಶಯದಿಂದ ನೋಡಿತು. ಆ ತಾಯಿಗೆ ಆ ಹೊಲದ ಕೂಲಿ ತಪ್ಪಿತು. ತಿಂಗಳೊಳಗೆ ಅದೇ ಕಂಬಕ್ಕೆ, ಅದೇ ಸರಪಳಿಗೆ ಮತ್ತೊಂದು ನಾಯಿ ಬಂತು.

ಹೇಳಲು ಸ್ಥಳವಿಲ್ಲದ ದೂರು ಕೊನೆಗೆ ವಿಷದ ರೂಪ ತಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗಾದರೆ ಕಾನೂನು ಏನನ್ನುತ್ತದೆ ಎಂಬುದನ್ನು ತುಸು ವಿವರವಾಗಿ ನೋಡೋಣ.

ಸದ್ದಿನ ವಿಷಯದಲ್ಲಿ ನಮಗಿರುವ ಮುಖ್ಯ ಕಾನೂನು 2000ನೆಯ ಇಸ್ವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಇವು ಬಂದವು. ರಾತ್ರಿ 10ರಿಂದ ಬೆಳಗಿನ 6ರವರೆಗೆ ರಾತ್ರಿಯೆಂದು ಲೆಕ್ಕ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರಿನೊಳಗಿನ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. 2005ರ ಜುಲೈ 18ರಂದು ನ್ಯಾಯಮೂರ್ತಿಗಳಾದ ಆರ್.ಸಿ. ಲಾಹೋಟಿ ಹಾಗೂ ಅಶೋಕ್ ಭಾನ್ ಅವರ ಪೀಠ ನೀಡಿದ ತೀರ್ಪು ಈ ನಿಯಮಗಳಿಗೆ ಬಲ ತುಂಬಿತು. ಮಾತನಾಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಕೇಳಲೊಲ್ಲದವರ ಕಿವಿಗೆ ಧ್ವನಿವರ್ಧಕದಿಂದ ತುರುಕುವ ಹಕ್ಕು ಯಾರಿಗೂ ಇಲ್ಲ ಎಂಬುದು ಅದರ ಸಾರ. 2012ರಲ್ಲಿ ದಿಲ್ಲಿಯ ರಾಮಲೀಲಾ ಮೈದಾನದ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ಎಸ್. ಚೌಹಾಣ್ ಅವರು ಇನ್ನೂ ಮುಂದೆ ಹೋಗಿ, ನಿದ್ದೆಯು ಸಂವಿಧಾನದ 21ನೆಯ ವಿಧಿ ಕಾಪಾಡುವ ಬದುಕಿನ ಹಕ್ಕಿನ ಭಾಗವೆಂದು ಬರೆದರು.

ಓದಲು ಸೊಗಸಾಗಿದೆ. ಆದರೆ ನಮ್ಮ ಅರ್ಜಿಗೆ ಇದರಿಂದ ದೊರೆತದ್ದೇನು? ಆ ನಿಯಮಗಳ ಪೀಠಿಕೆ ಹೆಸರಿಸುವುದು ಕಾರ್ಖಾನೆ, ಕಟ್ಟಡ ಕೆಲಸ, ಪಟಾಕಿ, ಜನರೇಟರ್, ಧ್ವನಿವರ್ಧಕ, ವಾಹನದ ಹಾರ್ನು ಮತ್ತು ಇತರ ಯಂತ್ರಸಾಧನಗಳನ್ನು. ನಾಯಿ ಯಂತ್ರವಲ್ಲ. ಇನ್ನು ಆ ಡೆಸಿಬಲ್ ಮಿತಿಯೂ ಒಂದು ಅವಧಿಯ ಸರಾಸರಿ. ನಾಯಿ ಬೊಗಳುವುದು ಬಿಟ್ಟುಬಿಟ್ಟು. ಎರಡು ಬೊಗಳಿಕೆಗಳ ನಡುವಿನ ಮೌನವನ್ನು ಯಂತ್ರ ಲೆಕ್ಕಕ್ಕೆ ಹಿಡಿದು ಸರಾಸರಿಯನ್ನು ಇಳಿಸುತ್ತದೆ. ಮಲಗಿದವನಿಗೆ ಆ ಮೌನವೇ ಮುಂದಿನ ಬೊಗಳಿಕೆಗಾಗಿ ಕಾಯುವ ಹಿಂಸೆ. ದೂರನ್ನು ಆಲಿಸುವ ಪ್ರಾಧಿಕಾರಿ ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯಾಗಿರಬೇಕು. ಹತ್ತಿ ಬಿಡಿಸುವ ತಾಯಿಯೊಬ್ಬರು ಒಂದು ದಿನದ ಕೂಲಿ ಬಿಟ್ಟು ಅಲ್ಲಿಯವರೆಗೆ ಹೋಗುವುದು ಸುಲಭವಲ್ಲ.

ಎರಡನೆಯದು ಭಾರತೀಯ ನ್ಯಾಯ ಸಂಹಿತೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಸ್ಥಾನದಲ್ಲಿ ಇದು ಜಾರಿಯಲ್ಲಿದೆ. ಇದರ 270ನೆಯ ಕಲಮು ಸಾರ್ವಜನಿಕ ಉಪದ್ರವವನ್ನು ವಿವರಿಸುತ್ತದೆ. 292ನೆಯದು ಅದಕ್ಕೆ 1000 ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಹಳೆಯ ಸಂಹಿತೆಯಲ್ಲಿ ಅದು 200 ರೂಪಾಯಿ ಇತ್ತು. ಆದರೆ ಉಪದ್ರವ ಸಾರ್ವಜನಿಕರಿಗೋ ಸುತ್ತಲಿನ ಜನಸಮೂಹಕ್ಕೋ ಆಗಿರಬೇಕು. ಒಂದೇ ಮನೆಯವರ ನಿದ್ದೆ ಕೆಟ್ಟರೆ ಅದು ಖಾಸಗಿ ಉಪದ್ರವ. ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ಪ್ರತಿಬಂಧಕಾಜ್ಞೆ ತರಬೇಕು. ಪ್ರಾಣಿಯನ್ನು ಅಜಾಗರೂಕತೆಯಿಂದ ಇಟ್ಟುಕೊಳ್ಳುವುದನ್ನು ಕುರಿತ 291ನೆಯ ಕಲಮು ಜೀವಕ್ಕೆ ಅಪಾಯ, ತೀವ್ರ ಗಾಯಗಳ ವಿಷಯ ಹೇಳುತ್ತದೆ. ಅದು ಕಚ್ಚುವ ನಾಯಿಗೆ, ಬೊಗಳುವ ನಾಯಿಗಲ್ಲ.

ಮೂರನೆಯ ಕಾನೂನು ಬಹಳ ಜನರಿಗೆ ತಿಳಿದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಲ್ಲಿ ಎರಡು ಉಪಬಂಧಗಳಿವೆ. ಪ್ರಾಣಿಯನ್ನು ಅತಿ ಗಿಡ್ಡ ಇಲ್ಲವೆ ಅತಿ ಭಾರದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಅಡ್ಡಾಟ ಕೊಡಿಸದಿರುವುದೂ ಅಪರಾಧ. ನನ್ನ ದೃಷ್ಟಿಯಲ್ಲಿ ಬೊಗಳುವ ನಾಯಿಯ ನಿಜವಾದ ಕಾನೂನು ಇದೇ. ನೆರೆಯವನ ನಿದ್ದೆಗೆಡಿಸುವ ಸರಪಳಿ ಮೊದಲು ಆ ನಾಯಿಯ ಕೊರಳನ್ನು ಕೆಡಿಸಿರುತ್ತದೆ. ನಾಯಿಯ ಪರವಾದವರೂ ನಿದ್ದೆಯ ಪರವಾದವರೂ ಇಲ್ಲಿ ಒಂದೇ ಪಕ್ಷ. ಆದರೆ ಮೊದಲ ಸಲದ ಅಪರಾಧಕ್ಕೆ ಅದರಲ್ಲಿ ಬರೆದ ದಂಡ 10ರಿಂದ 50 ರೂಪಾಯಿ.

ಇವುಗಳ ಪಕ್ಕದಲ್ಲಿ ನ್ಯಾಯ ಸಂಹಿತೆಯ 325ನೆಯ ಕಲಮನ್ನು ಇಟ್ಟು ನೋಡಿ. ಪ್ರಾಣಿಗೆ ವಿಷವಿಕ್ಕಿದವನಿಗೆ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆ ಶಿಕ್ಷೆ ತಕ್ಕದ್ದೇ ಆಗಿದೆ; ಮೂಕಪ್ರಾಣಿಗೆ ವಿಷವಿಕ್ಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಕ್ರಮವನ್ನು ಗಮನಿಸಿ: ಸರಪಳಿ ಬಿಗಿದಾಗ 50 ರೂಪಾಯಿ, ಓಣಿಯ ನಿದ್ದೆ ಕೆಟ್ಟಾಗ 1000 ರೂಪಾಯಿ, ನಾಯಿ ಸತ್ತ ಮೇಲೆ 5 ವರ್ಷ. ಸಣ್ಣದರಲ್ಲಿಯೇ ಮುಗಿಯಬಹುದಾಗಿದ್ದ ಕಡೆ ಕಾನೂನು ತೂಕಡಿಸುತ್ತದೆ, ಕೈಮೀರಿದ ಮೇಲೆ ಎದ್ದು ಕೂಡುತ್ತದೆ.

ಒಡೆಯರಿಲ್ಲದ ಬೀದಿನಾಯಿಗಳ ಮಾತು ಬೇರೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅವಕ್ಕೆ ಸಂತಾನಹರಣ ಮಾಡಿ, ಚುಚ್ಚುಮದ್ದು ಕೊಟ್ಟು, ಹಿಡಿದ ಜಾಗಕ್ಕೇ ಬಿಡುವುದು ಸ್ಥಳೀಯ ಸಂಸ್ಥೆಗಳ ಹೊಣೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಇದೇ ಕ್ರಮವನ್ನು ಎತ್ತಿಹಿಡಿದು, ಹುಚ್ಚು ಹಿಡಿದ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಹೊರತುಪಡಿಸಿತು. ಅದೇ ವರ್ಷದ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಸ್ಥಳಗಳಿಂದ ಅವುಗಳನ್ನು ತೆರವುಗೊಳಿಸಬೇಕೆಂದಿತು. ಕಾರ್ತೀಕದಲ್ಲಿ ಓಣಿ ತುಂಬ ನಡೆಯುವ ನಾಯಿಜಗಳ ಬೆದೆಯ ಜಗಳ. ಸಂತಾನಹರಣವನ್ನು ಸರಿಯಾಗಿ ಮಾಡಿದರೆ ಆ ಗದ್ದಲವೂ ತಗ್ಗುತ್ತದೆ. ಆದರೆ ನನ್ನ ಅಹವಾಲು ಒಡೆಯನಿರುವ ನಾಯಿಯದು.

ಹೊರದೇಶಗಳಲ್ಲಿ ಏನು ಮಾಡಿದ್ದಾರೆ? ಇಂಗ್ಲೆಂಡಿನಲ್ಲಿ 1990ರ ಪರಿಸರ ಸಂರಕ್ಷಣಾ ಕಾಯ್ದೆಯಂತೆ ನೆರೆಯವನ ದೂರನ್ನು ಸ್ಥಳೀಯ ಕೌನ್ಸಿಲ್ಲೇ ಪರಿಶೀಲಿಸಿ, ಉಪದ್ರವ ದಿಟವೆಂದು ಕಂಡರೆ ನಾಯಿಯ ಒಡೆಯನಿಗೆ ನೋಟೀಸು ಕೊಡುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ 1998ರ ಕಾಯ್ದೆ ಸತತವಾಗಿ ಬೊಗಳುವ ನಾಯಿಯನ್ನು ನೇರವಾಗಿ ಹೆಸರಿಸುತ್ತದೆ. ಕೌನ್ಸಿಲ್ ಹೊರಡಿಸಿದ ಆಜ್ಞೆ 6 ತಿಂಗಳು ಜಾರಿಯಲ್ಲಿರುತ್ತದೆ. ನಮ್ಮಲ್ಲಿ 2015ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೊರಡಿಸಿದ ಮಾರ್ಗಸೂಚಿ ಬೊಗಳುವುದು ನಾಯಿಯ ಸಹಜ ಗುಣವೆಂದು ಒಪ್ಪುತ್ತಲೇ, ರಾತ್ರಿ ಹೊತ್ತು ಅದು ನೆರೆಯವರನ್ನು ಕಾಡದಂತೆ ಒಡೆಯರು ಎಚ್ಚರ ವಹಿಸಬೇಕೆಂದಿತು. ಅದು ಸಲಹೆ ಮಾತ್ರ. ಆ ದೇಶಗಳಲ್ಲಿ ನಾಗರಿಕ ಮೊದಲು ಹತ್ತುವ ಮೆಟ್ಟಿಲು ಮನೆಯ ಹತ್ತಿರದ್ದು. ನಮ್ಮಲ್ಲಿ ಆ ಮೆಟ್ಟಿಲನ್ನೇ ಕಟ್ಟಿಲ್ಲ.

ಹಳ್ಳಿಯಲ್ಲಿ ಸದ್ದು ಇದ್ದದ್ದೇ, ಇದಕ್ಕೆಲ್ಲ ಕಾನೂನು ಯಾಕೆ ಎಂದು ಕೆಲವರು ಕೇಳಬಹುದು. ಸದ್ದು ನಮಗೆ ಹೊಸದಲ್ಲ, ನಿಜ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ. ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನ ಹೋಳಿಗೆ ಹಲಗೆಯ ಸದ್ದು ಮುಗಿಲು ಮುಟ್ಟುತ್ತದೆ. ಆದರೆ ಅವಕ್ಕೆ ತಿಥಿಯುಂಟು, ಊರಿನ ಒಪ್ಪಿಗೆಯುಂಟು, ಮರುದಿನ ಮುಗಿಯುವುದೆಂಬ ಭರವಸೆಯುಂಟು. ಸದ್ದಿನ ನಿಯಮಗಳು ಕೂಡ ವರ್ಷದಲ್ಲಿ 15 ದಿನ ಮೀರದಂತೆ, ಮಧ್ಯರಾತ್ರಿಯವರೆಗೆ ಇಂಥ ವಿನಾಯಿತಿ ಕೊಡಲು ಸರಕಾರಕ್ಕೆ ಅವಕಾಶ ಕೊಟ್ಟಿವೆ. ಕಂಬಕ್ಕೆ ಬಿಗಿದ ನಾಯಿಯ ಕೂಗಿಗೆ ತಿಥಿಯೂ ಇಲ್ಲ, ಒಪ್ಪಿಗೆಯೂ ಇಲ್ಲ.

ಊರ ಹಿರಿಯರು ಕೂತು ಬಗೆಹರಿಸಬಹುದಲ್ಲ ಎಂಬುದು ಇನ್ನೊಂದು ಮಾತು. ಇಬ್ಬರೂ ಸರಿಸಮಾನರಾಗಿದ್ದರೆ ಬಗೆಹರಿದೀತು. ಕೂಲಿ ಕೊಡುವವನ ನಾಯಿ, ಕೂಲಿ ಪಡೆಯುವವಳ ನಿದ್ದೆ ಎಂದಾಗ ಕಟ್ಟೆಯ ಮೇಲಿನ ನ್ಯಾಯ ಯಾವ ಕಡೆ ವಾಲುವುದೆಂದು ಬಲ್ಲವರು ಬಲ್ಲರು. ಬಾಯಿಬಿಟ್ಟು ಹೇಳಲಾಗದವರಿಗಾಗಿಯೇ ಬರೆದಿಟ್ಟ ಕ್ರಮವೊಂದು ಬೇಕು. ಅದೇ ಕ್ರಮ ಬಡವನನ್ನೂ ಕಾಯಬೇಕು. ಬದುವಿನ ಜಗಳದ ಸಿಟ್ಟನ್ನು ಕುರಿಗಾರನ ನಾಯಿಯ ಮೇಲೆ ತೀರಿಸಿಕೊಳ್ಳುವವರೂ ನಮ್ಮಲ್ಲಿದ್ದಾರೆ.

ಆದುದರಿಂದ ನನ್ನ ಸೂಚನೆ ಸರಳವಾದದ್ದು. ಪ್ರತಿ ಗ್ರಾಮ ಪಂಚಾಯತಿಯಲ್ಲಿ, ಪಟ್ಟಣಗಳಾದರೆ ಪುರಸಭೆ ಅಥವಾ ಪಟ್ಟಣ ಪಂಚಾಯತಿಯಲ್ಲಿ, ಸದ್ದಿನ ದೂರಿಗೊಂದು ಪುಸ್ತಕವಿರಲಿ. ದೂರುದಾರ ಒಂದು ವಾರದ ತಾರೀಖು, ವೇಳೆಗಳನ್ನು ಬರೆದುಕೊಡಲಿ. ಆಸುಪಾಸಿನ ಇನ್ನೆರಡು ಮನೆಗಳನ್ನು ಅಧಿಕಾರಿಯೇ ವಿಚಾರಿಸಲಿ. ಆಮೇಲೆ ಅವರು ಹೋಗಿ ನೋಡಬೇಕಾದದ್ದು ನಾಯಿಯನ್ನು: ಸರಪಳಿ ಎಷ್ಟು ಉದ್ದ, ನೆರಳುಂಟೋ, ನೀರುಂಟೋ, ದಿನಕ್ಕೊಮ್ಮೆಯಾದರೂ ಬಿಚ್ಚುತ್ತಾರೋ, ರಾತ್ರಿ ಮನೆಯಲ್ಲಿ ಜನರಿರುತ್ತಾರೋ. ಒಡೆಯನಿಗೆ ಹದಿನೈದು ದಿನಗಳ ಲಿಖಿತ ತಿಳಿವಳಿಕೆ ಕೊಡಲಿ. ಸುಧಾರಿಸದಿದ್ದರೆ ಮಾತ್ರ ಪೊಲೀಸು, ಕೋರ್ಟು. ಇದಕ್ಕೆ ಡೆಸಿಬಲ್ ಯಂತ್ರ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು.

ಅಲ್ಲಿಯವರೆಗೆ ಇರುವ ಒಂದು ದಾರಿಯನ್ನು ಓದುಗರು ನೆನಪಿಡಬೇಕು. ತಾಲೂಕು ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ವರಮಾನ ಕೇಳದೆ ಉಚಿತ ನೆರವು ದೊರೆಯುತ್ತದೆ. ದಾವೆ ಹೂಡುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಸಬಹುದು. ಕೋರ್ಟ್ ಶುಲ್ಕವಿಲ್ಲ.

ನಾಯಿ ಸಾಕಿದವರಲ್ಲಿ ಒಂದು ಬಿನ್ನಹ. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ದೂರದೂರಿನವರು ಮುಂಗಡ ಕೊಟ್ಟು ಕಾಯುತ್ತಾರೆ. ಕೂಸಿನ ನಿದ್ದೆಗೆ ಅಷ್ಟು ಬೆಲೆ ಕೊಡುವ ಜನ ನಾವು. ಸಂಜೆ ಅರ್ಧ ತಾಸು ನಾಯಿಯನ್ನು ಅಡ್ಡಾಡಿಸಿ ತಂದು, ರಾತ್ರಿ ರಸ್ತೆ ಕಾಣದ ಹಿತ್ತಲಲ್ಲಿ ಇಲ್ಲವೆ ಪಡಸಾಲೆಯಲ್ಲಿ ಮಲಗಿಸಿದರೆ ಎಷ್ಟೋ ದೂರುಗಳು ಹುಟ್ಟುವುದೇ ಇಲ್ಲ. ಊರಲ್ಲಿ ಇರಲಾಗದಿದ್ದರೆ ಮನೆಗೆ ಬೀಗ ಹಾಕಿ. ಕಾವಲಿಗೆಂದು ಒಂದು ಜೀವವನ್ನು ಒಂಟಿಯಾಗಿ ಕಂಬಕ್ಕೆ ಬಿಗಿದು ಹೋಗಬೇಡಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬ ನಿಯಮವಿದೆ. ಮುಂದಿನ ಸಭೆಗೆ ಹೋದಾಗ ಗಟಾರ, ನಳ, ಬೀದಿದೀಪಗಳ ಜೊತೆಗೆ ಈ ಪುಸ್ತಕವನ್ನೂ ಕೇಳಿ. ನೀವು ಕೇಳಿದರೆ, ಕೇಳಲಾರದ ಒಬ್ಬ ತಾಯಿಗೆ ತನ್ನ ಅರ್ಜಿಯನ್ನು ಎಲ್ಲಿ ಕೊಡಬೇಕೆಂದು ತಿಳಿಯುತ್ತದೆ.